ಎಡಗೈಯವರ ಸ್ಟಾಕು

ಗ್ರೀನ್ ಕಾರ್ಡು ಬಂದ ಖುಷಿಗೆ ಜನ ಕಾರು ಕೊಳ್ಳುತ್ತಾರೆ, ಮನೆ ಕೊಳ್ಳುತ್ತಾರೆ. ರೆಡ್‌ವುಡ್ ಸಿಟಿಯಲ್ಲಿ ಡೇಟಾಬೇಸು ಕಾಯುವ ಕೆಲಸದಲ್ಲಿದ್ದ ದ್ವಾರಕಾನಾಥ ರೈಫಲ್ ಮಾಡಿಸಲು ಹೊರಟ. ಅಂಗಡಿಯಲ್ಲಿ ಸಿಗುವುದನ್ನು ಕೊಳ್ಳುವುದು ಸಾಮಾನ್ಯರ ಲಕ್ಷಣವಾದ್ದರಿಂದ ಅವನು ನಳಿಗೆ ಒಂದು ಕಡೆಯಿಂದ, ಬೋಲ್ಟು ಇನ್ನೊಂದು ಕಡೆಯಿಂದ, ಟ್ರಿಗರ್ ಮತ್ತೊಂದು ಕಡೆಯಿಂದ ತರಿಸಿದ್ದ. ಹಾಸನದ ಅವನ ವಂಶದಲ್ಲಿ ಯಾರೂ ದೀಪಾವಳಿಯ ಪಿಸ್ತೂಲಿಗಿಂತ ದೊಡ್ಡದನ್ನು ಹಿಡಿದವರಲ್ಲ. ಆದರೆ ಒಮ್ಮೆ ಆಫೀಸಿನವರ ಜೊತೆ ಗುರಿ ಅಭ್ಯಾಸದ ರೇಂಜಿಗೆ ಹೋದಾಗ ಅವನು ಹಾರಿಸಿದ ಗುಂಡುಗಳಲ್ಲಿ ಒಂದೆರಡು ಗುರಿಯ ಕಾಗದಕ್ಕೆ ತಗುಲಿದ್ದವು. ತನ್ನೊಳಗಿನ ಮಹಾ ಗುರಿಕಾರನನ್ನು ಗುರುತಿಸಲು ಅಷ್ಟು ಸಾಕಾಯಿತು.

ಕೆಲಸ ನಿಂತದ್ದು ಸ್ಟಾಕಿನಲ್ಲಿ. ಭುಜಕ್ಕೆ ಆನಿಸಿ, ಕೆನ್ನೆ ಒತ್ತಿ ಗುರಿ ಹಿಡಿಯುವ ಮರದ ಭಾಗ ಅದು. ಆರೆಗಾನಿನ ಕುಶಲಕರ್ಮಿಯೊಬ್ಬ ವಾಲ್‌ನಟ್ ಮರದಲ್ಲಿ ಕೆತ್ತಿಕೊಡಲು ಒಪ್ಪಿದ್ದ, ಆದರೆ ವರ್ಷ ಕಾಯಬೇಕೆಂದಿದ್ದ. ಅಲ್ಲಿಯವರೆಗೆ ಅಗ್ಗದ್ದೊಂದು ಬೇಕಿತ್ತು.

"ಚೀಪಾಗಿರೋ ಸ್ಟಾಕು ಯಾವುದಾದ್ರೂ ಸರಿ, ಟೆಂಪರರಿಗೆ ಅಷ್ಟೆ" ಎಂದು ಅವನು ಆಫೀಸಿನಲ್ಲಿ ಫೋನಿನಲ್ಲಿ ಹೇಳುತ್ತಿದ್ದುದು ಪಕ್ಕದ ಕ್ಯೂಬಿಕಲ್ಲಿನ ವಾಸುದೇವನ ಕಿವಿಗೆ ಬಿತ್ತು. ಅದು ತೊಂಬತ್ತೊಂಬತ್ತನೆಯ ಇಸವಿ. ಆಗ ಆ ಊರಿನಲ್ಲಿ ಸ್ಟಾಕು ಎಂದರೆ ಷೇರು, ಬೇರೆ ಅರ್ಥ ಇರಲಿಲ್ಲ.

"ಯಾವ ಕಂಪನಿ ಗುರು? ನಂಗೂ ಸ್ವಲ್ಪ ಹೇಳೋ."

"ಅಯ್ಯೋ, ಇದು ರೈಫಲ್‌ದು ಕಣೋ."

"ಹೇಳೋಕೆ ಇಷ್ಟ ಇಲ್ಲ ಅಂದ್ರೆ ಹಾಗಂತ ಹೇಳು. ರೈಫಲ್ ಅಂತೆ!" ವಾಸುದೇವ ಮುಖ ತಿರುಗಿಸಿ ಹೋದ. ಆಮೇಲೆ ಬಹಳ ದಿನ ಅವನನ್ನು ಕಾಫಿಗೆ ಕರೆಯಲಿಲ್ಲ.

ಶನಿವಾರ ದ್ವಾರಕಾನಾಥ ಬಂದೂಕಿನ ಸಂತೆಗೆ ಹೊರಟ. ಹಾಗೇ ಗ್ರೋಸರಿಯೂ ಆಗುತ್ತದೆಂದು ಹೆಂಡತಿ ಊರ್ಮಿಳಾ ಜೊತೆಗೆ ಬಂದಳು. ಅವಳು ಮೈಸೂರಿನವಳು, ಹುಟ್ಟಾ ಎಡಚಿ. ಅಜ್ಜಿ ವೆಂಕಟಮ್ಮ ಎಡಗೈಗೆ ಏಟು ಕೊಟ್ಟೂ ಕೊಟ್ಟೂ ಬಲಗೈಯಲ್ಲಿ ಉಣ್ಣುವುದನ್ನೂ ಬರೆಯುವುದನ್ನೂ ಕಲಿಸಿದ್ದರು. ಯಾರಿಗಾದರೂ ಏನಾದರೂ ಕೊಡುವಾಗ ಎಡಗೈ ಮುಂದೆ ಬಂದರೆ ಈಗಲೂ ಅವಳು ಬೆಚ್ಚಿ ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

ಸಂತೆಯಲ್ಲಿ ಸ್ಟಾಕುಗಳು ರಾಶಿ ಬಿದ್ದಿದ್ದವು, ಅಗ್ಗದ್ದು ಮಾತ್ರ ಇರಲಿಲ್ಲ. ಕೊನೆಗೆ ಗಡ್ಡದ ಮುದುಕನೊಬ್ಬ ಮೇಜಿನ ಕೆಳಗಿಂದ ಧೂಳು ಹಿಡಿದದ್ದೊಂದನ್ನು ಎಳೆದು ತೆಗೆದ. ಎಡಗೈಯವರಿಗೆಂದು ಮಾಡಿದ್ದು, ಯಾರೂ ಕೇಳುತ್ತಿಲ್ಲ, ಕೊಟ್ಟಷ್ಟು ಕೊಡಿ ಎಂದ.

"ಎಡಗೈ ಆದ್ರೇನು, ಬಲಗೈ ಆದ್ರೇನು? ಏನು ಮಹಾ ವ್ಯತ್ಯಾಸ!" ಎಂದ ದ್ವಾರಕಾನಾಥ.

"ವ್ಯತ್ಯಾಸ ಇಲ್ವಾ? ಇದನ್ನ ನಮ್ಮಜ್ಜಿಗೆ ಹೇಳ್ಬೇಕಿತ್ತು ರೀ ನೀವು" ಎಂದಳು ಊರ್ಮಿಳಾ.

ಅವನು ಬಾಲ್ಕನಿಯಲ್ಲಿ ಕೂತು, ಬೋಲ್ಟಿಗೆ ಜಾಗ ಮಾಡಲು ಮರವನ್ನು ಅರದಿಂದ ಉಜ್ಜಿ, ಬೆರಳನ್ನೂ ಒಂದಿಷ್ಟು ಉಜ್ಜಿಕೊಂಡು, ಅಂತೂ ಜೋಡಿಸಿದ. ಮರುವಾರ ರೇಂಜಿನಲ್ಲಿ ವ್ಯತ್ಯಾಸ ತಿಳಿಯಿತು. ಅಂಗೈಗೆ ಒಪ್ಪಬೇಕಾದ ಉಬ್ಬು ಬೆರಳ ಗೆಣ್ಣಿಗೆ ಒತ್ತಿತು. ಕೆನ್ನೆಗೆ ಆಸರೆ ಇರಬೇಕಾದ ಕಡೆ ಬರೀ ಚಪ್ಪಟೆ. ಅವನ ಗುಂಡುಗಳೆಲ್ಲ ಹಿಂದಿನ ಗುಡ್ಡದ ಮಣ್ಣು ಸೇರಿದವು. ಗಾಳಿ ಜಾಸ್ತಿ ಎಂದ. ಎಲೆ ಅಲುಗುತ್ತಿರಲಿಲ್ಲ.

"ನಾನೊಂದು ಸಲ ನೋಡ್ಲಾ?" ಎಂದು ಊರ್ಮಿಳಾ ಕೇಳಿದಳು.

"ಒದೆಯುತ್ತೆ ಕಣೇ, ಹುಷಾರು."

ಅವಳು ಎಡಭುಜಕ್ಕೆ ಆನಿಸಿದಳು. ಮರ ಕೆನ್ನೆಗೆ ಹಿತವಾಗಿ ಕೂತಿತು. ಎಡಗೈ ತಾನಾಗಿಯೇ ತನ್ನ ಜಾಗ ಹುಡುಕಿಕೊಂಡಿತು. ಪಕ್ಕದಲ್ಲಿದ್ದ ರೇಂಜಿನವನು ಅವಳ ಕೈ ನೋಡಿದ. ಅವಳ ಎಡಗೈ ಹಿಂದೆ ಸರಿಯಹೋಯಿತು. ಈಗ ಹೇಳುತ್ತಾನೆ, ಆ ಕೈಯಲ್ಲ ಅಂತ. ಅವನು "ಗುಡ್" ಎಂದಷ್ಟೇ ಹೇಳಿ ಮುಂದೆ ಹೋದ. ಅವಳು ಉಸಿರು ಬಿಟ್ಟು, ಟ್ರಿಗರ್ ಎಳೆದಳು, ಮತ್ತೆ ಮತ್ತೆ ಎಳೆದಳು.

ಕಾಗದ ತಂದು ನೋಡಿದರೆ ತೂತುಗಳೆಲ್ಲ ಒಂದು ದೋಸೆ ಸೌಟಿನಷ್ಟು ಜಾಗದಲ್ಲಿದ್ದವು. ಊರ್ಮಿಳಾಗೆ ಯಾಕೋ ಕಣ್ಣು ತುಂಬಿತು.

"ಸ್ಟಾಕು ಹೆಂಗಿದೆ ನೋಡಿದ್ಯಾ? ನಾನು ಆರಿಸಿದ್ದು!" ಎಂದ ದ್ವಾರಕಾನಾಥ, ಅಕ್ಕಪಕ್ಕದವರಿಗೂ ಕೇಳುವಂತೆ.

ಅಂದಿನಿಂದ ರೈಫಲ್ ಅವಳದ್ದಾಯಿತು. ಶನಿವಾರ ಬಂತೆಂದರೆ ಅವಳೇ ಮುಂಚೆ ತಯಾರಾಗಿ ಕಾರಿನ ಹತ್ತಿರ ನಿಲ್ಲುತ್ತಿದ್ದಳು. ದ್ವಾರಕಾನಾಥ ಗುರಿಯ ಕಾಗದ ಅಂಟಿಸುವುದು, ದುರ್ಬೀನಿನಲ್ಲಿ ನೋಡುವುದು ಮಾಡುತ್ತಿದ್ದ. ಆಫೀಸಿನಲ್ಲಿ ಇದಕ್ಕೆ ಕೋಚಿಂಗು ಎಂದು ಹೆಸರಿಟ್ಟಿದ್ದ.

"ಸ್ವಲ್ಪ ಬಲಕ್ಕೆ ತಗೋ" ಎಂದ ಒಂದು ಶನಿವಾರ.

ಅವಳು ತಿರುಗಿಯೂ ನೋಡದೆ, "ಸುಮ್ನೆ ಕೂತ್ಕೊಳ್ರಿ" ಎಂದಳು.

ಕೂತುಕೊಂಡ.