ಚಾಲ್ತಿಯಲ್ಲಿರುವ ಬ್ರೌಸರ್

ಪಿಂಚಣಿ ಕಚೇರಿಯಲ್ಲಿ ಒಂದು ಹಳೇ ಕಂಪ್ಯೂಟರಿಗೆ ರಾಜಮರ್ಯಾದೆ. ‘ಅಪ್‌ಡೇಟ್ ಮಾಡಬಾರದು’ ಎಂಬ ಚೀಟಿ ಬೇರೆ. ಅದರಲ್ಲಿರುವ ಬ್ರೌಸರ್ ಬಿಟ್ಟು ಬೇರೆ ಯಾವುದರಲ್ಲೂ ಕಚೇರಿಯ ವೆಬ್‌ಸೈಟ್ ತೆರೆಯುವುದಿಲ್ಲ. ತಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಸಾಬೀತು ಮಾಡಲು ಬಂದ ನಿವೃತ್ತ ಮೇಷ್ಟ್ರು ಅದರ ಮುಂದೆ ಎರಡು ಗಂಟೆ ಕೂತರು. ಪರದೆ ಬಿಳುಚಿಕೊಂಡೇ ಇತ್ತು.

“ಮೊಬೈಲಲ್ಲಿ ಮಾಡಬಾರದಾ?”

“ಅದರಲ್ಲಿ ತೆರೆಯಲ್ಲ ಮೇಷ್ಟ್ರೇ, ಈ ಬ್ರೌಸರೇ ಆಗಬೇಕು,” ಎಂದ ಗುಮಾಸ್ತ.

“ಇದನ್ನ ಮಾಡಿದ ಕಂಪನಿಯೇ ಒಂಬತ್ತು ವರ್ಷದ ಹಿಂದೆ ಕೈಬಿಟ್ಟಿದೆಯಲ್ಲಪ್ಪ!”

“ಇರಬಹುದು. ನಮಗೆ ಯಾರೂ ಬರವಣಿಗೆಯಲ್ಲಿ ತಿಳಿಸಿಲ್ಲ. ನಮ್ಮ ಫೈಲಲ್ಲಿ ಅದಿನ್ನೂ ಚಾಲ್ತಿಯಲ್ಲೇ ಇದೆ.”

ಮೇಷ್ಟ್ರು ಕೊಡೆ ಎತ್ತಿಕೊಂಡು ಎದ್ದರು.

“ಹಾಗಾದ್ರೆ ನನ್ನ ಹೆಸರನ್ನೂ ಅದೇ ಫೈಲಿಗೆ ಸೇರಿಸಿಬಿಡಪ್ಪ. ಅದರಲ್ಲಿದ್ರೆ ಸತ್ತು ಒಂಬತ್ತು ವರ್ಷ ಆದ್ರೂ ಬದುಕಿದ್ದೀಯಾ ಅಂತ ಯಾರೂ ಕೇಳಲ್ಲ.”