ನಡುಹಗಲಿನ ಬಣ್ಣ

ಬೇಸಿಗೆಯ ಕೊನೆಯಲ್ಲಿ ಮೊದಲು ಗೇಟಿನ ತುಕ್ಕು ಕೆರೆದೆವು. ಅನಂತರ ಅಂಗಳದ ಗಟ್ಟಿ ಮಣ್ಣನ್ನು ಅಗೆದೆವು. ಮೊದಲ ಮಳೆ ಬಿದ್ದು ನೆಲ ಮೆದುವಾದ ಮೇಲೆ ಸಸಿ ನೆಟ್ಟೆವು. ಈ ಕ್ರಮದಲ್ಲಿ ತಪ್ಪೇನೂ ಇರಲಿಲ್ಲ.

ಮನೆ ಮಾರಬೇಕಿತ್ತು. ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬೆಳಕು ಹರಿಯುವ ಮುನ್ನ ಹೊರಟು, ನಡುವೆ ಬಸ್ಸು ಬದಲಿಸಿ, ಕತ್ತಲಾದ ಮೇಲೆ ಮರಳುತ್ತಿದ್ದಳು. ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಒಂದು ಸಣ್ಣ ಮನೆ ನೋಡಿಟ್ಟಿದ್ದೆವು. ಇದು ಮಾರಾಟವಾದರೆ ಮಾತ್ರ ಅದು ನಮ್ಮದಾಗುತ್ತಿತ್ತು. ಆದರೆ ನೋಡಲು ಬಂದವರೆಲ್ಲ ಗೇಟಿನಿಂದಲೇ ಹಿಂದಿರುಗಿದ್ದರು.

"ಮನೆ ಗಟ್ಟಿಯಾಗಿದೆ ಅಮ್ಮಾ, ಮುಖದಲ್ಲಿ ಕಳೆನೇ ಇಲ್ಲ," ಎಂದಿದ್ದ ದಲ್ಲಾಳಿ.

"ಕಳೆ ಇಲ್ವಾ? ಅಂಗಳದ ತುಂಬಾ ಅದೇ ಅಲ್ವೇನಪ್ಪಾ ಇರೋದು!" ಎಂದಿದ್ದಳು ಅಮ್ಮ.

"ತಮಾಷೆ ಸಾಕು. ಒಂದಿಷ್ಟು ಬಣ್ಣ ಬರಲಿ. ಹೂವೋ ಗೀವೋ ಹಾಕಿ."

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಮಣ್ಣಿನ ಹುಳಿ ಎಷ್ಟು, ನೀರು ಎಷ್ಟು ಬೇಗ ಇಂಗುತ್ತದೆ, ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ, ಎಲ್ಲವನ್ನೂ ನೋಡಿಯೇ ನೆಲಕ್ಕೆ ಹಬ್ಬುವ ಟೇಬಲ್ ರೋಸ್ ಹೂಗಿಡ ಆರಿಸಿದೆ. ಬಡ ಮಣ್ಣು, ಕಡಿಮೆ ನೀರು ಅದಕ್ಕೆ ಸಾಕು. ಗೇಟಿನಿಂದ ಮೆಟ್ಟಿಲಿನವರೆಗೆ ಕೆಂಪು, ಹಳದಿ, ಕಿತ್ತಳೆ, ಬಿಳಿ ಎಂದು ಸಾಲು ಹಿಡಿದು ನೆಟ್ಟೆವು. ಅವು ಚಿಗುರಿ ಹಬ್ಬಿದ ಮೇಲೆ, ನನ್ನ ವಾರದ ರಜೆಯ ಮಧ್ಯಾಹ್ನ, ಎಲ್ಲವೂ ಒಟ್ಟಿಗೆ ಅರಳಿದವು. ಊಟದ ತಟ್ಟೆಯನ್ನು ಹೊಸ್ತಿಲಿಗೆ ತಂದುಕೊಂಡು, ಅನ್ನ ಆರುವವರೆಗೂ ನೋಡುತ್ತ ಕುಳಿತೆ.

ಅಂದು ಕತ್ತಲಲ್ಲಿ ಅಮ್ಮ ಬಂದು ಗೇಟಿಗೆ ಕೈಯೂರಿ ನಿಂತಳು.

"ಎಲ್ಲೇ ವಿಜ್ಞಾನಿ, ನಿನ್ನ ಬಣ್ಣ?"

"ಮಧ್ಯಾಹ್ನ ಅರಳಿತ್ತಮ್ಮಾ. ಈಗ ಮುಚ್ಕೊಂಡಿದೆ."

"ಹೋಗಲಿ ಬಿಡು. ನನಗಿಂತ ಜಾಣ ಹೂವು. ಹೊತ್ತಿಗೆ ಸರಿಯಾಗಿ ಮಲಗುತ್ತೆ."

ಇಬ್ಬರೂ ನಕ್ಕೆವು. ನಾನು ಆಗಲೇ ಯೋಚಿಸಬೇಕಿತ್ತು. ದಣಿವಿನಲ್ಲಿ ನಕ್ಕು ಒಳಗೆ ಹೋದೆ.

ಮುಂದಿನ ವಾರ ದಲ್ಲಾಳಿ ಗಂಡ-ಹೆಂಡತಿಯನ್ನು ಕರೆತಂದ. ಇಬ್ಬರೂ ಕೆಲಸ ಮುಗಿಸಿ, ಹೆಗಲಿನ ಚೀಲ ಇಳಿಸದೆ ನೇರವಾಗಿ ಬಂದಿದ್ದರು. ಬೀದಿದೀಪ ಹತ್ತಿತ್ತು. ಹೆಂಡತಿ ಮೊಬೈಲಿನ ಬೆಳಕನ್ನು ಸಾಲಿನ ಮೇಲೆ ಹಾಯಿಸಿದಳು.

"ಇದೇನು, ಸೊಪ್ಪಾ?"

"ಹೂವು. ಬಿಸಿಲೇರಿದ ಮೇಲೆ ಅರಳುತ್ತೆ. ಮಧ್ಯಾಹ್ನ ಬನ್ನಿ, ತೋರಿಸ್ತೀನಿ."

"ಮಧ್ಯಾಹ್ನ ಮನೇಲಿ ಯಾರಿರ್ತಾರೆ?" ಎಂದು ಅವಳು ಆಕಳಿಸಿದಳು. ಗಂಡ ಒಳಗೆ ಇಣುಕಿ, "ಯೋಚನೆ ಮಾಡಿ ಹೇಳ್ತೀವಿ," ಎಂದ. ದಲ್ಲಾಳಿ ನನ್ನ ಮುಖ ನೋಡದೆ ಅವರ ಹಿಂದೆಯೇ ನಡೆದ.

ಅಮ್ಮ ಒಳಗೆ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತಿದ್ದಳು.

"ಏನಂದ್ರು?"

"ಯೋಚನೆ ಮಾಡಿ ಹೇಳ್ತಾರಂತೆ."

"ಹಾಗಂದ್ರೆ ಬೇಡ ಅಂತಾನೇ," ಎಂದು ಅಲಾರಂ ಗಡಿಯಾರವನ್ನು ಹತ್ತಿರ ಎಳೆದುಕೊಂಡಳು. "ಬೆಳಿಗ್ಗೆ ಮತ್ತೆ ಅದೇ ಬಸ್ಸು."

ಮಣ್ಣು ಸರಿಯಿತ್ತು, ನೀರು ಸರಿಯಿತ್ತು, ಬಿಸಿಲೂ ಸರಿಯಿತ್ತು. ಈ ಅಂಗಳ ಅರಳುವ ಹೊತ್ತಿಗೆ ದುಡಿಯುವವರು ಯಾರೂ ಮನೆಯಲ್ಲಿರುವುದಿಲ್ಲ.