ಒದ್ದೆಯ ತೂಕ

ಚಪ್ಪಲಿ ಬಿಟ್ಟು, ಬಳೆ ತೆಗೆದು, ಸೊಂಟದಲ್ಲಿದ್ದ ಬೀಗದ ಕೈ ಗೊಂಚಲನ್ನೂ ಪಕ್ಕಕ್ಕಿಟ್ಟು ಅಕ್ಕ ತಕ್ಕಡಿ ಹತ್ತಿದಳು. ಹಳೇ ಕಬ್ಬಿಣ, ರದ್ದಿ ಪೇಪರು, ಒಡೆದ ಪ್ಲಾಸ್ಟಿಕ್ಕು ತೂಗುವ ಗುಜರಿ ಅಂಗಡಿಯ ನೆಲದ ತಕ್ಕಡಿ ಅದು. ಎಮ್ಮೆಯನ್ನು ತಂದು ನಿಲ್ಲಿಸಿದರೂ ಸುಳ್ಳು ಹೇಳುವುದಿಲ್ಲ. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಹಿಂದೆಮುಂದೆ ನೋಡಿ ಎಂಬತ್ತೆರಡೂವರೆಗೆ ನಿಂತವು. ನಿನ್ನೆ ಎಂಬತ್ತೊಂದಿತ್ತು.

"ಮೆಷಿನ್ ಕೆಟ್ಟಿದೆಯೇನೋ," ಅಂದಳು.

ರದ್ದಿ ಕಟ್ಟುತ್ತಿದ್ದ ಮುದುಕ ಗೋಡೆಯ ಕಡೆಗೇ ಮುಖ ಮಾಡಿ ಕೂತಿದ್ದ. ಅಂಗಡಿಯ ಯಜಮಾನಿ ತೂಗಿಕೊಳ್ಳುವಾಗ ಆ ಕಡೆ ತಿರುಗಬಾರದೆಂಬುದು ಅವನೇ ಮಾಡಿಕೊಂಡಿದ್ದ ಕಾನೂನು.

"ಮೆಷಿನ್ ಸರಿಯಾಗೇ ಇದೆಯಮ್ಮ. ಈಗ ತಾನೇ ಕಬ್ಬಿಣ ತೂಗಿದೆ. ರಾತ್ರಿ ಏನ್ ತಿಂದ್ರಿ?"

"ಬೇಯಿಸಿದ ಸೊಪ್ಪು. ಸೊಪ್ಪು ತಿಂದು ಒಂದೂವರೆ ಕಿಲೋ ಏರೋದಾದ್ರೆ ಇನ್ನು ದನಗಳಿಗೂ ತೂಕ ಇಳಿಸೋ ಡಾಕ್ಟ್ರು ಬೇಕಾಗುತ್ತೆ."

ಮುದುಕ ನಕ್ಕ. ಅಕ್ಕ ನಗಲಿಲ್ಲ. ಅವಳಿಗೆ ಅಳು ಬಂದಿತ್ತು. ಅಂಗಡಿ ತೆರೆಯುವ ಹೊತ್ತಿಗೆ ಯಜಮಾನಿ ಅತ್ತರೆ ಚೆನ್ನಾಗಿರುವುದಿಲ್ಲವೆಂದು ಬಳೆ ಏರಿಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂತಳು.

ತೆಳ್ಳಗೆ ಕಾಣಬೇಕೆಂಬ ಆಸೆ ಅವಳಿಗೆ ಯಾವತ್ತೂ ಇರಲಿಲ್ಲ. ಗಂಡ ಬದುಕಿದ್ದಾಗ "ನನ್ನ ಹೆಂಡತಿ ಬಾಗಿಲಲ್ಲಿ ನಿಂತ್ರೆ ಅಂಗಡಿಗೆ ಬೀಗವೇ ಬೇಡ" ಅನ್ನುತ್ತಿದ್ದ, ಅವಳೂ ಹೌದೆಂದು ನಗುತ್ತಿದ್ದಳು. ಈಗಿನ ಮಾತು ಬೇರೆ. ತಾಯಿ ಸತ್ತ ಮೇಲೆ ಅವಳೇ ತಲೆ ಬಾಚಿ, ಉಣ್ಣಿಸಿ ಬೆಳೆಸಿದ ತಂಗಿಯ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರ ಅವಳ ರಕ್ತ ತೊಳೆಯುತ್ತಿತ್ತು. ಅಕ್ಕನ ಮೂತ್ರಪಿಂಡ ಹೊಂದುತ್ತದೆ ಅಂತ ಪರೀಕ್ಷೆಯಲ್ಲಿ ಬಂತು. ಆದರೆ ಈ ಮೈಯನ್ನು ಕೊಯ್ಯಲಾಗದು, ಎಂಬತ್ತಕ್ಕಾದರೂ ಇಳಿಯಿರಿ, ಆಮೇಲೆ ದಿನ ಗೊತ್ತು ಮಾಡೋಣ ಎಂದಿದ್ದರು ಡಾಕ್ಟರು.

ಅಕ್ಕ ತೊಂಬತ್ತಾರರಿಂದ ಶುರು ಮಾಡಿದ್ದಳು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡಳು. ಬೆಳಕು ಹರಿಯುವ ಮೊದಲೇ ಎದ್ದು ನಡೆದಳು. ಮಂಡಿ ಊದಿಕೊಂಡಾಗ ಔಷಧಿ ಅಂಗಡಿಯವನು ಕೊಟ್ಟ ನೋವಿನ ಮಾತ್ರೆ ನುಂಗಿ ಮತ್ತೆ ನಡೆದಳು. ತೂಕ ಮೊದಮೊದಲು ಹೇಳಿದ ಮಾತು ಕೇಳಿತು. ಎಂಬತ್ತು ಕಣ್ಣಿಗೆ ಬೀಳುವ ಹೊತ್ತಿಗೆ ಮೊಂಡು ಹಿಡಿಯಿತು. ಇವತ್ತು ಅರ್ಧ ಕಿಲೋ ಇಳಿದರೆ ನಾಳೆ ಒಂದು ಕಿಲೋ ಏರುತ್ತಿತ್ತು. ಇಳಿದ ದಿನ ಅಕ್ಕ ರದ್ದಿ ತಂದವರನ್ನೆಲ್ಲ ಅಣ್ಣಾ, ತಮ್ಮಾ ಎನ್ನುವಳು. ಏರಿದ ದಿನ ಅವಳ ಬಾಯಿಗೆ ಸಿಕ್ಕಿದವರ ಪಾಡು ದೇವರಿಗೇ ಪ್ರೀತಿ.

ಆ ಮಧ್ಯಾಹ್ನ ತಂಗಿಯ ಜೊತೆ ಆಸ್ಪತ್ರೆಗೆ ಹೋದಾಗ ನರ್ಸಮ್ಮನ ಹತ್ತಿರ ತನ್ನ ಗೋಳು ಹೇಳಿಕೊಂಡಳು. ತಂಗಿಯನ್ನು ಯಂತ್ರಕ್ಕೆ ಹಚ್ಚುವ ಮುಂಚೆ ತಕ್ಕಡಿಯ ಮೇಲೆ ನಿಲ್ಲಿಸಿದ್ದಳು ನರ್ಸಮ್ಮ.

"ದಿನಾ ಯಾಕ್ರೀ ತೂಕ ನೋಡ್ತೀರಿ? ಇವತ್ತು ಏರುತ್ತೆ, ನಾಳೆ ಇಳಿಯುತ್ತೆ. ಅದು ಕೊಬ್ಬಲ್ಲ, ಬರೀ ನೀರು. ತಲೆ ಕೆಡಿಸ್ಕೋಬೇಡಿ," ಅಂದಳು ನರ್ಸಮ್ಮ. ಸಮಾಧಾನಕ್ಕೆ ಹೇಳಿದ ಮಾತು ಅದು.

ಅಕ್ಕನ ಕಿವಿಗೆ ಅದು ಬೇರೆಯೇ ಆಗಿ ಬಿತ್ತು. ತೂಕ ಹೆಚ್ಚಲೆಂದು ರದ್ದಿಗೆ ನೀರು ಚಿಮುಕಿಸಿ ತರುವವರನ್ನು ಅವಳು ಎಷ್ಟು ಕಂಡಿಲ್ಲ! ಕಟ್ಟಿನ ನಡುವೆ ಕೈ ತೂರಿಸಿ, "ಇದರಲ್ಲಿ ಎರಡು ಕಿಲೋ ಒದ್ದೆ" ಎಂದು ಕಳೆದುಬಿಡುತ್ತಿದ್ದಳು. ಬೇಕಿದ್ದವರು ಬಿಸಿಲಿಗೆ ಹಾಕಿ ಒಣಗಿಸಿ ತರಬಹುದಿತ್ತು. ಒಣಗಿಸಿದರೆ ರದ್ದಿ ಎಷ್ಟಿದೆಯೋ ಅಷ್ಟೇ ತೂಗುತ್ತದೆ. ಇಲ್ಲಿ ಕಣ್ಣೆದುರಿಗೇ ತಂಗಿ ಮೈಯಲ್ಲಿ ನಿಂತ ನೀರಿಗೆ ಎರಡು ಕಿಲೋ ಹೆಚ್ಚು ತೂಗುತ್ತಿದ್ದಳು, ಸಂಜೆ ಯಂತ್ರದಿಂದ ಎದ್ದು ನಿಂತರೆ ಅದು ಇರುತ್ತಿರಲಿಲ್ಲ. ಅವಳ ಮೈಯಿಂದ ನೀರು ತೆಗೆಯಬಹುದಾದರೆ ನನ್ನ ಮೈಯಿಂದ ಯಾಕಾಗದು ಎಂದುಕೊಂಡಳು ಅಕ್ಕ. ಇನ್ನೊಂದು ಸಲ ಯೋಚಿಸುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಡಾಕ್ಟರು ಕರೆದಿದ್ದ ದಿನ ಹತ್ತಿರದಲ್ಲೇ ಇತ್ತು.

ಅವತ್ತೇ ನೀರು ಕುಡಿಯುವುದನ್ನು ಬಿಟ್ಟಳು. ಬಾಯಿ ಒಣಗಿದರೆ ಮುಕ್ಕಳಿಸಿ ಉಗಿದಳು. ಸುಡು ಬಿಸಿಲಲ್ಲಿ ಗಂಡನ ಹಳೇ ಸ್ವೆಟರ್ ತೊಟ್ಟು ರದ್ದಿಯ ಕಟ್ಟುಗಳನ್ನು ತಾನೇ ಹೊತ್ತು ಹಾಕಿದಳು.

ಮುದುಕ ತಡೆಯಲಾರದೆ ಕೇಳಿದ, "ಜ್ವರಾನಾ ಅಮ್ಮ?"

"ಹ್ಞೂಂ, ಎಂಬತ್ತರ ಜ್ವರ," ಅಂದಳು.

ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ತಂಗಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಒಂದು ಸಣ್ಣ ಬಾಟಲಿ. ಅವಳು ಅದನ್ನು ಗುಟುಕು ಗುಟುಕಾಗಿ ಸಂಜೆಯವರೆಗೆ ಎಳೆಯುವುದನ್ನು ನೋಡಲಾರದೆ ಅಕ್ಕ ಮೊದಲಿನಿಂದಲೂ ಕದ್ದು, ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನೀರು ಕುಡಿಯುತ್ತಿದ್ದಳು. ಕುಡಿಯುವುದನ್ನೇ ಕಾಣದವಳಿಗೆ ಬಿಟ್ಟದ್ದು ಹೇಗೆ ಕಂಡೀತು?

"ಮುಖ ಬಾಡಿ ಹೋಗಿದೆ ನೋಡು. ನನಗೋಸ್ಕರ ಇಷ್ಟು ಸವೀಬೇಡ ಕಣಕ್ಕ," ಅಂದಳು ತಂಗಿ.

"ಸವೀಲೇಬೇಕಲ್ಲೇ. ಡಾಕ್ಟ್ರು ಹೇಳಿದ್ದೇ ಅದು."

ಡಾಕ್ಟರು ಕರೆದಿದ್ದ ದಿನ ಆಸ್ಪತ್ರೆಯ ತಕ್ಕಡಿಯಲ್ಲಿ ಎಪ್ಪತ್ತೊಂಬತ್ತೂವರೆ ಬಂತು. ಅಕ್ಕನಿಗೆ ತಲೆ ಸುತ್ತುತ್ತಿತ್ತು, ಖುಷಿಗೆ ಅಂದುಕೊಂಡಳು. ತಂಗಿ ಎಲ್ಲರೆದುರೇ ಅವಳ ಕೆನ್ನೆಗೆ ಮುತ್ತು ಕೊಟ್ಟಳು. "ಆಪರೇಷನ್ ಆದ್ಮೇಲೆ ಮೊದಲು ಏನ್ ಮಾಡ್ತೀನಿ ಗೊತ್ತಾ? ಒಂದು ಚೊಂಬು ನೀರು, ಎತ್ತಿದ್ದು ಕೆಳಗಿಡದೆ," ಅಂದಳು. ಅಕ್ಕ ಪರೀಕ್ಷೆಗೆ ರಕ್ತ ಕೊಟ್ಟ ಮೇಲೆ ಇಬ್ಬರೂ ಕಾರಿಡಾರಿನ ಬೆಂಚಿನಲ್ಲಿ ಕೂತು ಯಾವ ವಾರ, ಅಂಗಡಿ ಯಾರು ನೋಡಿಕೊಳ್ಳುವುದು ಎಂದೆಲ್ಲ ಲೆಕ್ಕ ಹಾಕಿದರು. ಮಧ್ಯಾಹ್ನ ಡಾಕ್ಟರು ಅಕ್ಕನನ್ನೊಬ್ಬಳನ್ನೇ ಒಳಗೆ ಕರೆದರು.

"ನೀರು ಕುಡೀತಾ ಇದ್ದೀರಾ?" ಎಂದು ಕೇಳಿದರು.

ಅಕ್ಕ ಒಣಗಿದ ತುಟಿಯನ್ನು ಸೆರಗಿನಿಂದ ಒರೆಸಿಕೊಂಡಳು.

"ಮಾತ್ರೆ ಏನಾದ್ರೂ?"

"ಮಂಡಿ ನೋವಿಗೆ... ದಿನಾ ಎರಡು."

ಡಾಕ್ಟರು ಕನ್ನಡಕ ತೆಗೆದಿಟ್ಟರು. ಒಣಗಿದ ಮೈಗೆ ಆ ಮಾತ್ರೆ ವಿಷವಿದ್ದಂತೆ, ಎರಡೂ ಸೇರಿ ಅವಳ ಮೂತ್ರಪಿಂಡಕ್ಕೇ ಪೆಟ್ಟು ಕೊಟ್ಟಿವೆ ಎಂದು ಬಿಡಿಸಿ ಹೇಳಿದರು. ಸುಧಾರಿಸಬಹುದು, ಆದರೆ ತಿಂಗಳುಗಟ್ಟಲೆ ಕಾದು ನೋಡಬೇಕು. ಅಲ್ಲಿಯವರೆಗೆ ಅದನ್ನು ತೆಗೆಯುವ ಮಾತೇ ಇಲ್ಲ.

"ಎಂಬತ್ತಾಗ್ಲೇಬೇಕು ಅಂತ..." ಅಂದಳು ಅಕ್ಕ.

"ನಾನು ಹೇಳಿದ್ದು ಅಂದಾಜಿಗಮ್ಮ. ಒಂದೆರಡು ಕಿಲೋ ಹಿಂದೆಮುಂದೆ ಆಗೋದು ನಮಗೂ ಗೊತ್ತು. ಎಂಬತ್ತೆರಡಿದ್ರೂ ಮಾಡ್ತಿದ್ದೆ."

ಅಕ್ಕ ಕೇಳಿದಳು, "ಅವಳು ಅಷ್ಟು ದಿನ ತಡೀತಾಳಾ ಡಾಕ್ಟ್ರೇ?"

"ಸುಳ್ಳು ಹೇಳಲ್ಲ. ಅವರ ಹೃದಯ ಸೋಲ್ತಾ ಇದೆ. ಆ ಹೊತ್ತಿಗೆ ಆಪರೇಷನ್ ತಾಳಿಕೊಳ್ಳೋ ಶಕ್ತಿ ಉಳಿದಿರುತ್ತೆ ಅಂತ ನನಗೆ ಅನ್ನಿಸಲ್ಲ. ನೀವು ಮೊದಲು ಹೋಗಿ ನೀರು ಕುಡೀರಿ. ಇಲ್ಲಾಂದ್ರೆ ನಿಮ್ಮನ್ನೂ ಇಲ್ಲೇ ಮಲಗಿಸಬೇಕಾಗುತ್ತೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ತುತ್ತು ತಂಗಿಯದು, ತಟ್ಟಿ ಬೀಳಿಸಿದ ಕೈ ಅಕ್ಕನದು. ಅಕ್ಕ ಬೆಂಚಿಗೆ ಬಂದು ಕೂತು ಒಂದನ್ನೂ ಮುಚ್ಚಿಡದೆ ಹೇಳಿದಳು. ತಂಗಿ ಕೇಳಿಸಿಕೊಂಡಳು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ನೀರಿಲ್ಲದೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರು ಹೇಳ್ತಿದ್ರು ನಿನಗೆ?" ಅಂದಳು. ಎದ್ದು ಹೋಗಿ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಳು. ಅಕ್ಕ ಕರೆಯಲಿಲ್ಲ. ಕರೆಯುವ ಮುಖ ಅವಳಿಗಿರಲಿಲ್ಲ.

ಡಾಕ್ಟರು ಕಳಿಸಿದ್ದ ನೀರಿನ ಜಗ್ಗನ್ನೂ ಲೋಟವನ್ನೂ ನರ್ಸಮ್ಮ ಬೆಂಚಿನ ಮೇಲಿಟ್ಟು ಹೋದಳು. ಅಕ್ಕ ಅದನ್ನು ಮುಟ್ಟದೆ ಕೂತಳು. ತುಟಿ ಒಡೆದು ರಕ್ತ ಬರುತ್ತಿತ್ತು.

ಬಹಳ ಹೊತ್ತಿನ ಮೇಲೆ ತಂಗಿ ಬಂದು ಪಕ್ಕದಲ್ಲಿ ಕೂತಳು. ಲೋಟದ ತುಂಬ ನೀರು ಬಗ್ಗಿಸಿದಳು.

"ಕುಡಿ."

"ನಿನ್ನೆದುರಿಗೆ ನನ್ನ ಕೈಲಾಗಲ್ಲ ಕಣೇ. ಮನೆಗೆ ಹೋಗಿ ಕುಡೀತೀನಿ."

"ನನ್ನೆದುರಿಗೇ ಕುಡಿ."

ತಂಗಿ ಲೋಟವನ್ನು ಅಕ್ಕನ ಬಾಯಿಗೇ ಹಿಡಿದಳು. ಅಕ್ಕ ಕಣ್ಣು ಮುಚ್ಚಿ ಕುಡಿಯತೊಡಗಿದಳು. ನೀರು ಗಲ್ಲದಿಂದ ಇಳಿದು ಸೆರಗಿಗೆ ಹರಿಯಿತು. ತಂಗಿ ಅವಳ ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ತಾನೂ ಒಮ್ಮೆ ಬರಿದೇ ನುಂಗಿದಳು.